ಕೋಂ ಮುಂದಿನ ಜಾಗ

ಹೆಸರಿನಜ್ಜ ತೀರಿಕೊಂಡ ಎಂದು ಅಣ್ಣಿಗೇರಿಯಿಂದ ಬಂದ ನನ್ನ ತಮ್ಮ ಹೇಳಿದಾಗ ನನ್ನ ಬಾಯಿಂದ ಮೊದಲು ಹೊರಟ ಮಾತು, "ಖರೇನ? ಯಾರು ಹೇಳಿದ್ರು?"

ತಮ್ಮ ನಕ್ಕುಬಿಟ್ಟ. "ಅಜ್ಜನ ಗಾಳಿ ನಿನಗೂ ಬಡದೈತಿ ಬಿಡಕ್ಕಾ. ನಾನ ಮಣ್ಣಿಗೆ ಹೋಗಿ ಬಂದೇನಿ. ಇನ್ನೇನ್ ಸಾಕ್ಷಿ ಬೇಕು?" ಎಂದ. ನನಗೆ ದುಃಖವಾಯಿತು ಎಂದರೆ ಅಜ್ಜ ಅದನ್ನೂ ತಿರುವಿ ಮುರುವಿ ನೋಡುತ್ತಿದ್ದ. ಆದರೂ ಹೇಳುತ್ತೇನೆ, ದುಃಖವಾಯಿತು.

ಅವನ ಸ್ವಂತ ಹೆಸರು ನನಗೆ ಗೊತ್ತಿದೆ. ಇಲ್ಲಿ ಬರೆಯುವುದಿಲ್ಲ. ಸುತ್ತಲಿನ ಹಳ್ಳಿಗಳ ಜನರ ಹೆಸರನ್ನೆಲ್ಲ ಹಿತ್ತಾಳೆ ತಾಮ್ರದ ಮೇಲೆ ಕೊರೆದುಕೊಟ್ಟ ಆ ಮನುಷ್ಯ ತನ್ನ ಹೆಸರನ್ನು ಮಾತ್ರ ಎಲ್ಲಿಯೂ ಬರೆಯಗೊಡುತ್ತಿರಲಿಲ್ಲ. ಜನಗಣತಿಗೆ ಬಂದವರನ್ನು "ಯಾಕ ಬೇಕ್ರಿ ನಿಮಗ? ಯಾರ್ ಕಳಿಸ್ಯಾರ?" ಎಂದು ಕೇಳಿ ಕೇಳಿ, ಕೊನೆಗೆ ಅವರೇ ತಮ್ಮ ಹೆಸರು, ಊರು, ಮನೆತನ ಎಲ್ಲ ಒಪ್ಪಿಸಿ ಎದ್ದುಹೋದರು ಎಂದು ಹೇಳುತ್ತಿದ್ದರು. ಸಂತೆಗೆ ಬರುವವರಿಗೆಲ್ಲ ಅವನು ಹೆಸರಿನಜ್ಜ, ಅಷ್ಟೆ.

ಸಂತೆ ಬೀದಿಯಲ್ಲಿ ಪಾತ್ರೆ ಪಗಡ ಮಾರುವ ಒಂದು ಭಾಂಡೆ ಅಂಗಡಿಯ ಕಟ್ಟೆಯ ಮೇಲೆ ಗೋಣಿಚೀಲ ಹಾಸಿಕೊಂಡು ಕೂಡುತ್ತಿದ್ದ. ತೊಡೆಗಳ ನಡುವೆ ಕೊಡ ಅವುಚಿಕೊಂಡು, ಮುರಿದ ಕಡ್ಡಿಯ ಬದಲಿಗೆ ಕಟ್ಟಿದ್ದ ದಾರದಿಂದ ಕನ್ನಡಕವನ್ನು ಕಿವಿಗೆ ಸುತ್ತಿಕೊಂಡು, ಸಣ್ಣ ಉಳಿ ಇಟ್ಟು ಸುತ್ತಿಗೆಯಿಂದ ಟಕ್ ಟಕ್ ಎಂದು ಚುಕ್ಕಿ ಹೊಡೆಯುತ್ತಿದ್ದ. ಚುಕ್ಕಿಗೆ ಚುಕ್ಕಿ ಕೂಡಿ ಅಕ್ಷರವಾಗುತ್ತಿತ್ತು. ಕೂಲಿ ಅಕ್ಷರದ ಲೆಕ್ಕದಲ್ಲಿ. ಹೀಗಾಗಿ ಜನ ತಮ್ಮ ಹೆಸರನ್ನು ಎಷ್ಟು ಮೊಟಕು ಮಾಡಲು ಬರುತ್ತದೋ ಅಷ್ಟು ಮಾಡಿಕೊಂಡೇ ಬರುತ್ತಿದ್ದರು. ಸೌಭಾಗ್ಯವತಿ ಬರೀ ಸೌ. ಆಗುತ್ತಿದ್ದಳು, ಚಿರಂಜೀವಿ ಚಿ. ಆಗುತ್ತಿದ್ದ, ಕೈಲಾಸವಾಸಿಗಳು ಕೈ. ಆಗಿ ಉಳಿಯುತ್ತಿದ್ದರು.

ಈ ಮೊಟಕು ಅಕ್ಷರಗಳ ಮೇಲೆ ಅಜ್ಜನಿಗೆ ವಿಪರೀತ ಸಂಶಯ. "ಉದ್ದ ಹೆಸರಿನ್ಯಾಗ ಸುಳ್ಳು ಹೇಳೂದು ತ್ರಾಸ ಐತ್ರಿ. ಈ ಗಿಡ್ಡ ಅಕ್ಷರದಾಗ ಏನ್ ಬೇಕಾದ್ದು ಮುಚ್ಚಿಡಬಹುದು" ಎನ್ನುತ್ತಿದ್ದ. ಸೌ. ಬರೆಯಬೇಕಾದರೆ ಆ ಹೆಣ್ಣುಮಗಳೇ ಎದುರಿಗೆ ಬರಬೇಕು, ಕೊರಳಲ್ಲಿ ತಾಳಿ ಕಾಣಬೇಕು. ಚಿ. ಎಂದರೆ, ಆ ಹುಡುಗ ಎಲ್ಲಿದ್ದಾನೆ, ಆರಾಮ ಇದ್ದಾನೆಯೇ ಎಂದು ಕೇಳಬೇಕು. ಕೈ. ಅಂತೂ ಕೇಳಲೇಬೇಡಿ. ನಮ್ಮೂರಿನ ರೈತನೊಬ್ಬ ತೀರಿಹೋದ ಅಪ್ಪನ ಹೆಸರಿನಲ್ಲಿ ಗುಡಿಗೆ ಕೊಡಲು ಒಂದು ಗಂಟೆ ತಂದಿದ್ದ. ಅಜ್ಜ ಗಂಟೆಯನ್ನು ತೊಡೆಯ ಮೇಲಿಟ್ಟುಕೊಂಡು, "ಖರೇನ ಸತ್ತಾರ?" ಎಂದು ಕೇಳಿದ.

"ನಾನ ಮಣ್ಣ ಕೊಟ್ಟೇನೋ ಮಾರಾಯಾ!"

"ಯಾರ್ಯಾರಿದ್ರು ಆವಾಗ?"

ಪಾಪ, ಆ ಮನುಷ್ಯ ಸಿಟ್ಟಿನಿಂದಲೋ ದುಃಖದಿಂದಲೋ ಕಣ್ಣಲ್ಲಿ ನೀರು ತಂದುಕೊಂಡು ಹೆಗಲು ಕೊಟ್ಟವರ ಹೆಸರನ್ನೆಲ್ಲ ಹೇಳಿದ. ಆಗ ಅಜ್ಜ ಉಳಿ ಎತ್ತಿಕೊಂಡ. ಹಿಂದೆ ಯಾವನೋ ಒಬ್ಬ ಅಪ್ಪನ ಮೇಲಿನ ಸಿಟ್ಟಿಗೆ ಸಮಯ್ಯಿ ದೀಪದ ಮೇಲೆ ಅವನ ಹೆಸರಿಗೆ ಕೈ. ಹಾಕಿಸಿಕೊಂಡು ಹೋಗಿದ್ದನಂತೆ. ಮುಂದಿನ ಸಂತೆಗೆ ಆ ಅಪ್ಪನೇ ಮೆಣಸಿನಕಾಯಿ ಚೀಲ ಹೊತ್ತು ಬಂದು, "ನನ್ನ ಯಾವಾಗ ಸಾಯಿಸಿದಿ?" ಎಂದು ಅಜ್ಜನ ಎದುರು ನಿಂತನಂತೆ. ಈ ಕಥೆಯ ಮೇಲೆ ನನಗೆ ಅಷ್ಟು ನಂಬಿಕೆಯಿಲ್ಲ. ಒಮ್ಮೆ ಮೆಣಸಿನಕಾಯಿ ಎಂದ ಅಜ್ಜ ಇನ್ನೊಮ್ಮೆ ಕಡಲೆ ಎನ್ನುತ್ತಿದ್ದ.

ಅವನದು ಇನ್ನೊಂದು ಹಟವಿತ್ತು. ಒಮ್ಮೆ ಹೊಡೆದ ಅಕ್ಷರವನ್ನು ಅಳಿಸುತ್ತಿರಲಿಲ್ಲ. ಹಳೆಯ ಹೆಸರು ಬಡಿದು ಸಪಾಟು ಮಾಡಿ ಹೊಸ ಹೆಸರು ಹಾಕಿಕೊಡು ಎಂದು ಬರುವವರು ಬಹಳ. ಅವರಿಗೆಲ್ಲ ಅವನ ಉತ್ತರ ಒಂದೇ: "ಅಳಸೂದಿಲ್ರಿ. ಬೇಕಂದ್ರ ಬಾಜು ಬರಿತೀನಿ." ವಯಸ್ಸಿನಲ್ಲಿದ್ದಾಗ ಒಬ್ಬನಿಗೆ ಹಿಟ್ಟು ನಾದುವ ಪರಾತದ ಮೇಲಿನ ಹೆಸರು ಅಳಿಸಿಕೊಟ್ಟಿದ್ದನಂತೆ. ಅದು ಆ ಮನುಷ್ಯನ ತಂಗಿಗೆ ತವರಿನಿಂದ ಬಂದ ಪರಾತ. ಮೂರು ದಿನ ಬಿಟ್ಟು ಆ ತಂಗಿ ಬಂದು ಕಟ್ಟೆಯ ಕೆಳಗೆ ಕುಳಿತು ಅತ್ತಳು. ಬೈಯಲಿಲ್ಲ, ಬರೀ ಅತ್ತು ಎದ್ದು ಹೋದಳು. ಈ ಕಥೆಯನ್ನು ಮಾತ್ರ ಅಜ್ಜ ಯಾವಾಗಲೂ ಒಂದೇ ರೀತಿ ಹೇಳುತ್ತಿದ್ದ.

ಇಷ್ಟು ಮೊಟಕು ಅಕ್ಷರಗಳ ನಡುವೆ ಅವನ ತಲೆ ತಿಂದದ್ದು ಕೋಂ. ನಮ್ಮ ಕಡೆಯ ಹಳೆಯ ಖರೀದಿಪತ್ರ, ಆಸ್ತಿ ಪಾಲಿನ ವಾಟ್ನಿಪತ್ರ ನೋಡಿದವರಿಗೆ ಈ ಶಬ್ದ ಗೊತ್ತು. ಗಂಗವ್ವ ಕೋಂ ಬಸಪ್ಪ ಎಂದರೆ ಬಸಪ್ಪನ ಹೆಂಡತಿ ಗಂಗವ್ವ. ಅದನ್ನು ಕಾಗದದಿಂದ ಎತ್ತಿ ಕೊಡದ ಕೊರಳಿಗೆ ತಂದವನು ಹೆಸರಿನಜ್ಜನೇ ಎಂದು ನನ್ನ ಗುಮಾನಿ. ಬೇರೆ ಕಡೆಯ ಭಾಂಡೆಗಳಲ್ಲಿ ನಾನು ಅದನ್ನು ಅಷ್ಟಾಗಿ ಕಂಡಿಲ್ಲ. ಆದರೆ ಆ ಕಾಲಕ್ಕೆ ಅದು ಸರಿಹೊಂದಿತ್ತು. ಹೆಂಗಸರು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಹಬ್ಬ ಹುಣ್ಣಿಮೆ, ಬಸುರಿಯ ಕುಬಸ, ಕೂಸಿನ ತೊಟ್ಟಿಲು ಅಂದಾಗ ಒಡಪು ಕಟ್ಟಿ, ಅದರೊಳಗೆ ಹೆಸರನ್ನು ಸೇರಿಸಿ, ನಾಚಿಕೊಂಡು ಹೇಳಿದರೆ ಹೇಳಿದರು. ಉಳಿದ ದಿನ ಅವರ ಕೊಡವೇ ಅವರ ಪರವಾಗಿ ಹೇಳುತ್ತಿತ್ತು.

ನಾನು ಅವನನ್ನು ಮೊದಲು ಕಂಡದ್ದು ನನ್ನ ಮದುವೆ ಗೊತ್ತಾದಾಗ. ಎಪ್ಪತ್ತರ ದಶಕ ಆಗತಾನೆ ಶುರುವಾಗಿತ್ತು. ಹುಡುಗ ಮಿಶ್ರಿಕೋಟಿಯವನು, ಗದ್ದೆ ಇದ್ದ ಮನೆತನ. ಸಕ್ಕರೆ ಹಂಚಿ ನಿಶ್ಚಯವಾಗಿತ್ತು. ಅಪ್ಪ ನನ್ನನ್ನೂ ಕರೆದುಕೊಂಡು ಅಣ್ಣಿಗೇರಿಗೆ ಹೋಗಿ ಭಾಂಡೆ ಕೊಡಿಸಿದರು. ಅದರಲ್ಲಿ ನನ್ನ ಮನಸ್ಸಿಗೆ ಬಂದದ್ದು ಒಂದು ಹಿತ್ತಾಳೆಯ ಕೊಡ, ಕುತ್ತಿಗೆ ಸಣ್ಣ, ಹೊಟ್ಟೆ ದುಂಡಗೆ. ಅಂಗಡಿಯಿಂದ ಇಳಿದು ಅಜ್ಜನ ಮುಂದೆ ಇಟ್ಟೆವು.

"ಯಾರ ಮನಿದ್ರಿ ಇದು?" ಎಂದ.

"ನಿನ್ನ ಬೆನ್ನ ಹಿಂದಿನ ಅಂಗಡ್ಯಾಗ ಈಗ ತಗೊಂಡೇನಿ, ನೋಡ್ಲಿಲ್ಲೇನು?" ಎಂದರು ಅಪ್ಪ.

ಅಜ್ಜ ತಿರುಗಿ ಅಂಗಡಿಯವನ ಕಡೆ ಹುಬ್ಬು ಹಾರಿಸಿದ. ಅಂಗಡಿಯವನು ಹೌದೆಂದು ತಲೆ ಆಡಿಸಿದ ಮೇಲೆಯೇ ಕೊಡವನ್ನು ತೊಡೆಯ ಮೇಲೆ ತೆಗೆದುಕೊಂಡ. ನನ್ನ ಹೆಸರು ಕೇಳಿ, ಶಾಂತವ್ವ ಎಂದು ಹೊಡೆದ. ಅದರ ಮುಂದೆ ಕೋಂ ಎಂದು ಹೊಡೆದ. ಅಪ್ಪ ಅಳಿಯನ ಹೆಸರನ್ನು ಹೆಮ್ಮೆಯಿಂದ ಹೇಳಿದರು. ಅಜ್ಜ ಉಳಿ ಕೆಳಗಿಟ್ಟ.

"ಅಕ್ಕಿಕಾಳು ಬಿದ್ದಾವೇನ್ರಿ?"

"ನಿಶ್ಚಯ ಆಗೈತಿ. ಮುಂದಿನ ತಿಂಗಳ ಲಗ್ನ."

"ಹಂಗಾರ ಲಗ್ನ ಆದ್ಮ್ಯಾಲೆ ತಂಗೀನ್ನ ಅಳಿಯಾನ್ನ ಕೂಡಿ ಕಳಸ್ರಿ. ಹೆಸರು ಕೂಡುವಷ್ಟು ಜಾಗಾ ಬಿಟ್ಟೇನಿ. ಅದಕ್ಕ ಬ್ಯಾರೆ ರೊಕ್ಕ ಕೇಳೂದಿಲ್ಲ."

ಅಪ್ಪ ಎಷ್ಟು ಹೇಳಿದರೂ ಕೇಳಲಿಲ್ಲ. ಅಂದು ನನಗೆ ಆ ಮುದುಕನ ಮೇಲೆ ಬಂದ ಸಿಟ್ಟು ಇಷ್ಟಿಷ್ಟಲ್ಲ. ಹೊಸ ಕೊಡದ ಕೊರಳಲ್ಲಿ ನನ್ನ ಹೆಸರು ಅರ್ಧಕ್ಕೆ ನಿಂತು ಬಾಯಿ ತೆರೆದುಕೊಂಡಿತ್ತು. ಮನೆಗೆ ಬಂದ ಮೇಲೆ ಅವ್ವ ಅದನ್ನು ನೋಡಿ, "ಶುಭ ಕೆಲಸದಾಗ ಎಂಥಾ ಬಾಯಿ ಅಂವಂದು!" ಎಂದು ಬೈದಳು.

ಲಗ್ನ ಮುರಿಯಿತು. ಹುಡುಗನ ಕಡೆಯವರು ಒಬ್ಬ ಹಿರಿಯನನ್ನು ಕಳಿಸಿ, "ನಮಗ ಕೂಡಿ ಬರೂದಿಲ್ಲ" ಎಂದು ಹೇಳಿಸಿದರು. ಯಾಕೆ ಎಂದು ಅಪ್ಪ ಕೇಳಿದ್ದಕ್ಕೆ ಆ ಹಿರಿಯ ಅತ್ತಿತ್ತ ನೋಡಿ ಎದ್ದುಹೋದ. ನಮ್ಮ ಊರಲ್ಲಿ ಇದಕ್ಕೆ ಹತ್ತು ಕಾರಣ ಹುಟ್ಟಿದವು, ಎಲ್ಲವೂ ನನ್ನಲ್ಲೇ ಏನೋ ಐಬು ಇದೆ ಎನ್ನುವಂಥವು. ಅವ್ವ ಮಾತ್ರ ಎಲ್ಲ ತಪ್ಪನ್ನೂ ಹೆಸರಿನಜ್ಜನ ತಲೆಗೆ ಕಟ್ಟಿದಳು. ಭಾಂಡೆಗಳನ್ನೆಲ್ಲ ಅಟ್ಟಕ್ಕೇರಿಸಿದಳು. ಮುಂದೆ ಯಾವ ಸಂಬಂಧವೂ ನೆಟ್ಟಗೆ ಕೂಡಿ ಬರಲಿಲ್ಲ. ಒಮ್ಮೆ ಮುರಿದ ಹುಡುಗಿ ಎಂದರೆ ಬರುವವರು ಬಾಗಿಲಿಗೆ ಬರುವ ಮೊದಲೇ ವಿಚಾರಿಸಿಕೊಂಡು ಹಿಂದಿರುಗುತ್ತಿದ್ದರು. ನಾನು ಹಟ ಹಿಡಿದು ಶಿಕ್ಷಕರ ತರಬೇತಿಗೆ ಹೋದೆ. ನವಲಗುಂದದ ಕಡೆಯ ಒಂದು ಎರೆನೆಲದ ಊರಿನ ಶಾಲೆಯಲ್ಲಿ ನೌಕರಿ ಸಿಕ್ಕಿತು, ಕಲಿಸುವವಳೆಂದು ಅಲ್ಲಿಯವರಿಗೆಲ್ಲ ನಾನು ಬಾಯಾರು ಆದೆ. ಹೋಗುವಾಗ ಅಟ್ಟದಿಂದ ಭಾಂಡೆಗಳನ್ನು ಇಳಿಸಿಕೊಂಡೆ. ಅಪ್ಪ ನನಗೆಂದು ಕೊಡಿಸಿದ್ದು, ನಾನು ಯಾಕೆ ಬಿಡಲಿ?

ಆ ಊರಿನ ಬಾವಿಗಳ ನೀರು ಉಪ್ಪು. ಕುಡಿಯುವ ನೀರಿಗೆ ಎಲ್ಲರೂ ಕೆರೆಗೇ ಹೋಗಬೇಕು. ಕೆರೆಯ ಮೆಟ್ಟಿಲ ಮೇಲೆ ಹೆಂಗಸರು ಕೊಡಗಳನ್ನು ಸಾಲಾಗಿ ಇಟ್ಟು ಬೂದಿ ಹಚ್ಚಿ ತಿಕ್ಕುವಾಗ ಒಬ್ಬರ ಕೊಡದ ಕೊರಳನ್ನು ಇನ್ನೊಬ್ಬರು ನೋಡದೆ ಬಿಡುತ್ತಾರೆಯೇ? ಓದಲು ಬರುವ ಒಂದಿಬ್ಬರು ಹುಡುಗಿಯರು ಓದಿ ಹೇಳಿದರು: ಶಾಂತವ್ವ ಕೋಂ. ಮುಂದೆ ಏನೂ ಇಲ್ಲ.

ಮೊದಮೊದಲು ನಗೆಚಾಟಿಕೆ ಇತ್ತು. ಓಣಿಯಲ್ಲಿ ಯಾರದೋ ಕುಬಸದ ಕಾರ್ಯ. ನನ್ನನ್ನು ನಡುವೆ ಕೂಡಿಸಿ, "ಬಾಯಾರ, ಒಡಪ ಹಾಕಿ ಹೆಸರು ಹೇಳ್ರಿ" ಎಂದು ಗಂಟುಬಿದ್ದರು. ನನಗ ಲಗ್ನ ಆಗಿಲ್ರಿ ಎಂದೆ. ಎಲ್ಲರೂ ನಕ್ಕರು. ಒಬ್ಬಳು, "ಲಗ್ನ ಆಗದ ಕೋಂ ಹ್ಯಾಂಗ ಬಂತಬೇ?" ಎಂದಳು. ಇನ್ನೊಬ್ಬಳು ನನ್ನ ಬರಿಯ ಕೊರಳನ್ನೇ ನೋಡುತ್ತಿದ್ದಳು. ಅಷ್ಟರಲ್ಲಿ ನಗು ನಿಂತಿತು.

ಅಲ್ಲಿಂದ ಶುರುವಾಯಿತು. ಬಾಯಾರು ಗಂಡನನ್ನು ಬಿಟ್ಟು ಓಡಿಬಂದಾರಂತೆ. ಗಂಡ ಜೇಲಿನಲ್ಲಿದ್ದಾನಂತೆ. ಹೆಸರು ಬರೆಸಬಾರದಂಥವನನ್ನು ಕಟ್ಟಿಕೊಂಡಾರಂತೆ. ನಾನು ಹಿತ್ತಾಳೆ ಕೊಡ ಒಳಗಿಟ್ಟು ಮಣ್ಣಿನ ಕೊಡ ತೆಗೆದುಕೊಂಡು ಹೋದೆ. "ಈಗ ಮುಚ್ಚಿಟ್ಟಾಳ ನೋಡು" ಎಂದರು. ಮರುದಿನ ಹಿತ್ತಾಳೆಯದನ್ನೇ ಒಯ್ದೆ. "ಏನ್ ಧೈರ್ಯ ಈಕಿದು!" ಎಂದರು.

ನಾನು ಬಾಡಿಗೆಗಿದ್ದದ್ದು ಪಾರವ್ವ ಎಂಬವಳ ಮನೆಯ ಪಡಸಾಲೆಯ ಬಾಜುವಿನ ಖೋಲಿಯಲ್ಲಿ. ಗಂಡ ಇಲ್ಲದವಳು, ಮದುವೆಗೆ ಬಂದ ಮಗಳಿದ್ದಳು. ಕೆಟ್ಟವಳಲ್ಲ. ಒಂದು ದಿನ ರೊಟ್ಟಿ ಬುಟ್ಟಿ ಹಿಡಿದುಕೊಂಡು ಬಂದು ಹೊಸ್ತಿಲಲ್ಲೇ ನಿಂತಳು.

"ಬಾಯಾರ, ನೀವು ಚೊಲೋರ ಇರಬಹುದು. ಆದ್ರ ಅಮಾಸಿ ಆದ್ಮ್ಯಾಲೆ ನನ್ನ ಮಗಳ್ನ ನೋಡಾಕ ಬರಾಕತ್ತಾರ. ಬಂದವ್ರು ಬಾಜು ಖೋಲ್ಯಾಗ ಯಾರಿದ್ದಾರ ಅಂತ ಕೇಳ್ತಾರ. ನಾ ಏನಂತ ಹೇಳ್ಲಿ? ಅಷ್ಟ್ರಾಗ ಇದನ್ನ ಬಗೀಹರಸ್ರಿ. ಇಲ್ಲಂದ್ರ ಖೋಲಿ ಬಿಡ್ರಿ."

ಆ ಊರಿಗೆ ಇದ್ದದ್ದು ಒಂದೇ ಬಸ್ಸು, ಸಂಜೆ ಬಂದು ಬೆಳಿಗ್ಗೆ ಹೋಗುತ್ತಿತ್ತು. ಹೊರಗಿನಿಂದ ಬಂದುಹೋಗಿ ಶಾಲೆ ನಡೆಸುವ ಮಾತೇ ಇರಲಿಲ್ಲ. ಪಾರವ್ವ ಬಿಡಿಸಿದ ಮೇಲೆ ಬೇರೆ ಯಾರೂ ಖೋಲಿ ಕೊಡುವವರಲ್ಲ. ಖೋಲಿ ಹೋದರೆ ನೌಕರಿ ಹೋಗುತ್ತದೆ. ನೌಕರಿ ಹೋದರೆ ಮತ್ತೆ ಅಪ್ಪನ ಮನೆ, ಅಟ್ಟ, ಬರುವವರಿಗೆ ಕಾಯುವುದು. ಆ ರಾತ್ರಿ ಯೋಚಿಸಿದಷ್ಟೂ ಆ ಮುದುಕನನ್ನೇ ಬೈದೆ.

ಸಂತೆಯ ದಿನ ಕೊಡ ಎತ್ತಿಕೊಂಡು ಅಣ್ಣಿಗೇರಿಗೆ ಹೋದೆ. ಅವನ ಮುಂದೆ ಕುಕ್ಕಿ, "ಅಜ್ಜಾರ, ಈ ಕೋಂ ಅಳಿಸಿಕೊಡ್ರಿ" ಎಂದೆ.

ಅವನು ಕೊಡ ನೋಡಿದ. ನನ್ನ ಕೊರಳು ನೋಡಿದ. ಮುಖ ನೋಡಿದ. "ಯಾರು ಹೇಳಿದ್ರು ಅಳಸಾಕ?"

"ನಾನ ಹೇಳಾಕತ್ತೇನಿ."

"ನೀವು ಯಾರು?"

"ಶಾಂತವ್ವ. ಅದರ ಮ್ಯಾಲೆ ಬರದೈತಲ್ಲ."

"ಬರದಿದ್ದು ಖರೆ. ಕೈ ನಂದ. ಜಾಗಾನೂ ನಾನ ಬಿಟ್ಟೇನಿ. ಆದ್ರ ಆ ಹುಡುಗಿ ನೀವ ಅಂತ ಹ್ಯಾಂಗ ನಂಬ್ಲಿ? ನೀವ ಅಂತ ಇಟಗೊಳ್ರಿ. ಲಗ್ನ ಆಗಿ ಗಂಡನ್ನ ಬಿಟ್ಟಿರಬಹುದು. ಗಂಡ ಮನ್ಯಾಗಿದ್ದೂ ಅಳಸಾಕ ಬಂದಿರಬಹುದು. ಅಳಸಾಕ ಬಂದವರೆಲ್ಲಾ ಒಂದೊಂದು ಕಥಿ ತಂದಿರ್ತಾರ."

ಸುತ್ತ ಜನ ನಿಂತರು. "ಕೋಂ ಕೋಂ ಅಂತ ಊರ ಹೆಂಗಸರ ಕೊಡಕ್ಕೆಲ್ಲಾ ಹೊಡಕೋತ ಕೂತೀರಿ. ಅದರ ಅರ್ಥ ಏನಂತರ ಗೊತ್ತೈತೇನು ನಿಮಗ?" ಎಂದು ಕೂಗಿಯೇ ಕೇಳಿದೆ.

ಅದು ಎಲ್ಲೋ ತಗುಲಿತು. ಅಜ್ಜ ಕನ್ನಡಕದ ದಾರ ಬಿಚ್ಚಿ, ಪಂಚೆಯ ತುದಿಯಿಂದ ಗಾಜು ಒರೆಸಿಕೊಂಡು, ದನಿ ತಗ್ಗಿಸಿದ.

"ಕೂಡ್ರಿ, ಹೇಳ್ತೀನಿ. ಕುಲಕರ್ಣಿಯವರನ್ನ ಕೇಳ್ದೆ. ಕುಟುಂಬ ಅನ್ನೂದನ್ನ ಬರ್ಕೋತ ಬರ್ಕೋತ ನಡುವಿಂದು ನುಂಗಿ ಕೋಂ ಮಾಡ್ಯಾರ ಅಂದ್ರು. ಅವರ ಮನೀ ಹಳೇ ದಫ್ತರ ತಗದು ನೋಡೂಣು ಅಂದ್ರ, ಇಲಿ ತಿಂದಾವ ಅಂದ್ರು. ಮುಲ್ಲಾ ಸಾಹೇಬರನ್ನ ಕೇಳ್ದೆ. ಅದು ನಮ್ಮದ್ರಿ ಅಂದ್ರು. ಕೌಮ್ ಅಂತ ಐತಿ, ಅಂದ್ರ ಕುಲಾ, ಬಳಗಾ. ಬಾದಶಾನ ಕಾಲಕ್ಕ ಬಂದದ್ದು ಅಂದ್ರು. ಸಾಲಿ ಮಾಸ್ತರು ಅಗದಿ ಸಿಟ್ಟಾದ್ರು. ಅಚ್ಚ ಕನ್ನಡ ಶಬ್ದ, ಕೊಂಡ ಅನ್ನೂದ್ರಿಂದ ಬಂದೈತಿ, ಲಗ್ನಾ ಮಾಡಿಕೊಂಡಾಕಿ ಅಂತ ಅರ್ಥ ಅಂದ್ರು. ನವಲಗುಂದದಾಗ ವಕೀಲರ ಗುಮಾಸ್ತ ಒಬ್ಬಂವ ಅದಾನ, ಅದು ಇಂಗ್ಲಿಷು, ಕಂಪನಿ ಅನ್ನೂದರ ಗಿಡ್ಡ ಅಂದ. ಗಂಡಾ ಹೆಂಡ್ತಿ ಅಂದ್ರ ಒಂದು ಕಂಪನಿ ಇದ್ದಂಗ ಅಂತ."

ಜನ ನಕ್ಕರು. ನನಗೂ ನಗು ಬರುತ್ತಿತ್ತು, ಸಿಟ್ಟು ಬಿಡಲಿಲ್ಲ.

"ಇವರ್ಯಾರ್ನೂ ನಾ ನಂಬಿಲ್ಲ. ಒಬ್ಬೊಬ್ಬರೂ ಅದನ್ನ ತಮ್ಮ ಮನೀ ಕಡೆ ಎಳಕೊಂಡಾರ."

"ನೀವು ಏನಂತೀರಿ?"

"ನನಗ ಗೊತ್ತಿಲ್ರಿ. ಗೊತ್ತಿಲ್ಲದ್ದನ್ನ ಹೊಡದು ಹಾಕಾಕ ಅಂಜಿಕಿ." ಕನ್ನಡಕ ಮತ್ತೆ ಕಿವಿಗೆ ಸುತ್ತಿಕೊಂಡ. "ಕೊಡಾ ಇಟ್ಟು ಹೋಗ್ರಿ. ಮುಂದಿನ ಸಂತಿಗೆ ಬರ್ರಿ."

ಅವನನ್ನು ನಾನೂ ನಂಬಲಿಲ್ಲ. ಕೊಡ ಕಂಕುಳಲ್ಲಿ ಇಟ್ಟುಕೊಂಡೇ ಬಂದೆ.

ಮುಂದಿನ ಸಂತೆ ಅಮಾವಾಸ್ಯೆಯ ಹಿಂದಿನ ದಿನವೇ ಇತ್ತು. ಬೇರೆ ದಾರಿ ಇಲ್ಲದೆ ಹೋದೆ. ನನ್ನನ್ನು ಕಂಡವನೇ, "ಬರ್ರಿ ಬಾಯಾರ" ಎಂದ. ಹಿಂದಿನ ವಾರ ನಾನು ಶಾಲೆಯ ಮಾತೇ ತೆಗೆದಿರಲಿಲ್ಲ. "ನಾನು ಬಾಯಾರು ಅಂತ ಯಾರು ಹೇಳಿದ್ರು ನಿಮಗ?" ಎಂದು ಕೇಳಿದೆ.

"ನಿಮ್ಮಪ್ಪಾರು. ಚಹಾ ಕುಡಿಸಿದ್ರು. ನಿಮ್ಮವ್ವಾರು ಒಳಗಿಂದನ ಬೈದ್ರು."

"ನಮ್ಮೂರಿಗೆ ಹೋಗಿದ್ರಿ?"

"ಹೋಗದ ಹ್ಯಾಂಗ? ಊರಿನ ಹೆಸರು ಅಂಗಡಿಯವರ ವಹಿಯಾಗ ಇತ್ತು. ಆದ್ರ ಅಪ್ಪ ಅಂದ್ಮ್ಯಾಲೆ ಮಗಳ ಕಡೇನ ಹೇಳ್ತಾರ. ಅದಕ್ಕ ಮಿಶ್ರಿಕೋಟಿಗೂ ಹೋಗಿ ಬಂದೆ."

ನೆಲ ಬಾಯಿ ಬಿಡಬಾರದೇ ಎನಿಸಿತು. ವರ್ಷಗಳ ಹಿಂದೆ ನನ್ನನ್ನು ಬೇಡವೆಂದವರ ಅಂಗಳಕ್ಕೆ ಈ ಮುದುಕ ನನ್ನ ಹೆಸರು ಹಿಡಿದುಕೊಂಡು ಹೋಗಿ ನಿಂತಿದ್ದ. ಅವನ ಮೊಣಕಾಲು ಸರಿಯಿರಲಿಲ್ಲ, ಕಟ್ಟೆಯಿಂದ ಇಳಿಯಲು ಸಹ ಅಂಗಡಿಯವನ ಕೈ ಹಿಡಿಯುತ್ತಿದ್ದ. ಹುಬ್ಬಳ್ಳಿಯಲ್ಲಿ ಬಸ್ಸು ಬದಲಾಯಿಸಿ, ಎಷ್ಟು ದೂರ! ಅದೆಲ್ಲ ನನಗೆ ಆಮೇಲೆ ಹೊಳೆದದ್ದು. ಆಗ ಬಂದದ್ದು ಬರೀ ನಾಚಿಕೆ, ಸಿಟ್ಟು.

"ಅಲ್ಲಿಗೆ ಹೋಗ್ರಿ ಅಂತ ಯಾರು ಹೇಳಿದ್ರು ನಿಮಗ? ನನ್ನ ಮರ್ಯಾದಿ ತಗದ್ರಿ!"

"ಅಳಸಾಕ ಕೇಳಿದ್ರಲ್ಲ ನೀವು" ಎಂದ, ನನ್ನದೇ ತಪ್ಪು ಎಂಬಂತೆ. "ಅಕ್ಕಿಕಾಳು ಬಿದ್ದಿಲ್ಲ. ಅದು ಖಾತ್ರಿ ಆತು. ಆದ್ರೂ ಅಳಸೂದಿಲ್ಲ. ಪತ್ರಾ ಬರಿಯೋರು ಖಾಲಿ ಜಾಗಾ ಉಳದ್ರ ಏನ್ ಮಾಡ್ತಾರ ಹೇಳ್ರಿ? ಆಮ್ಯಾಲೆ ಯಾರೂ ನಡುವ ಏನೂ ತುರುಕಬಾರ್ದು ಅಂತ ಒಂದ ಗೀಟ ಎಳದ ಬಿಡ್ತಾರ. ಹಂಗ ಎಳೀತೀನಿ. ಓದಿದವರಿಗೆ ತಿಳೀತೈತಿ, ಇಲ್ಲೆ ಯಾರೂ ಇಲ್ಲ, ಮುಚ್ಚಿಡೂದೂ ಏನಿಲ್ಲ ಅಂತ."

ಅವನು ಉಳಿಯನ್ನು ಕೋಂ ಮುಂದೆ ಇಟ್ಟು, ತಲೆ ಎತ್ತಿದ.

"ಒಂದ ಮಾತು. ಗೀಟು ಬಿದ್ರ ಅಲ್ಲೆ ಮತ್ತ ಯಾವ ಹೆಸರೂ ಕೂಡೂದಿಲ್ಲ. ವಿಚಾರ ಮಾಡ್ರಿ."

ವಿಚಾರ ಮಾಡಿದೆ. ಅವ್ವ ಇನ್ನೂ ಹರಕೆ ಹೊರುತ್ತಿದ್ದಳು. ನಾನು ಊರಿಗೆ ಹೋದಾಗಲೆಲ್ಲ ಅಪ್ಪ ಯಾವುದಾದರೊಂದು ಮನೆತನದ ಸುದ್ದಿ ತೆಗೆಯುತ್ತಿದ್ದರು. ನನಗೂ ಆಸೆ ಇರಲಿಲ್ಲ ಎಂದರೆ ಸುಳ್ಳು. ಇನ್ನೊಂದು ಕಡೆ ಆ ಖೋಲಿ, ಒಂದನೆಯ ಇಯತ್ತೆಯ ಮಕ್ಕಳು, ನಾನೇ ದುಡಿದು ತಿನ್ನುವ ರೊಟ್ಟಿ.

"ಎಳೀರಿ" ಎಂದೆ.

ಎಳೆದ. ಚುಕ್ಕಿಯ ಪಕ್ಕ ಚುಕ್ಕಿ. ನಾನು ಅತ್ತ ಮುಖ ಮಾಡಿಕೊಂಡು ನಿಂತಿದ್ದೆ.

ಅಂದು ಸಂಜೆ ಪಾರವ್ವ ಕೊಡವನ್ನು ಕೈಗೆ ತೆಗೆದುಕೊಂಡಳು. ಓದು ಬರದವಳು. ಹೆಬ್ಬೆರಳಿನಿಂದ ಗೆರೆಯನ್ನು ಸವರಿ, "ಹೆಸರಿನಜ್ಜನ ಹಾಕ್ಯಾನಿದನ್ನ?" ಎಂದು ಕೇಳಿದಳು. ಹೌದೆಂದೆ. "ವಿಚಾರಸದ ಹಾಕ್ಯಾನೇನು?"

"ನಮ್ಮೂರಿಗೆ ಹೋಗಿ ಬಂದಾರ. ಮಿಶ್ರಿಕೋಟಿಗೂ."

ಪಾರವ್ವ ಕೊಡವನ್ನು ಮೆಲ್ಲಗೆ ಕೆಳಗಿಟ್ಟಳು. "ನನ್ನ ಲಗ್ನದ ಪರಾತಕ್ಕ ಸೌ. ಹಾಕಾಕ ಅಂವ ನನ್ನ ಎರಡ ಸಲ ಕರಸಿದ್ದ" ಎಂದಳು. "ಇರ್ರಿ ಬಾಯಾರ. ಬಂದವ್ರಿಗೆ ನಾ ಹೇಳ್ತೀನಿ." ಮರುವಾರ ಕೆರೆಯ ಮೆಟ್ಟಿಲ ಮೇಲೆ ಸುದ್ದಿ ಹಬ್ಬಿತ್ತು: ಬಾಯಾರಿಗೆ ಯಾರೂ ಇಲ್ಲಂತ, ಅಜ್ಜ ಗೀಟ ಹಾಕ್ಯಾನ. ಯಾರನ್ನೂ ನಂಬದವನ ಮಾತೆಂದು ಊರೆಲ್ಲ ನಂಬಿತು. ಪಾರವ್ವನ ಮಗಳ ಲಗ್ನವೂ ಆಯಿತು, ಗಂಡನ ಹೆಸರು ಹಾಕಿಸಲು ಆ ಹುಡುಗಿ ಅಕ್ಕಿಕಾಳು ಬಿದ್ದ ಮೇಲೆಯೇ ಹೋದಳು.

ಕೊಡವನ್ನು ನಾನು ಸರಿಯಾಗಿ ನೋಡಿದ್ದು ಎಷ್ಟೋ ದಿನದ ಮೇಲೆ, ಹುಣಸೆಹಣ್ಣು ಹಚ್ಚಿ ತಿಕ್ಕುವಾಗ. ಗೆರೆ ಪೂರ್ತಿ ಎಳೆದಿರಲಿಲ್ಲ. ಕೊನೆಯಲ್ಲಿ ನಾಲ್ಕು ಬೆರಳಷ್ಟು ಜಾಗ ಬಿಟ್ಟಿದ್ದ. ಒಂದು ಗಿಡ್ಡ ಹೆಸರು ಹಿಡಿಸುವಷ್ಟು. ನಾನು ಅಷ್ಟು ಎದೆ ಗಟ್ಟಿ ಮಾಡಿಕೊಂಡು ಎಳೀರಿ ಎಂದದ್ದನ್ನೂ ಈ ಮುದುಕ ನಂಬಲಿಲ್ಲವಲ್ಲ! ಸಂತೆಗೆ ಹೋದಾಗ ಜಗಳ ತೆಗೆದೆ.

"ಆವತ್ತ ನಿಮ್ಮ ವಯಸ್ಸೆಷ್ಟ್ರಿ?" ಎಂದ. ಇಪ್ಪತ್ತನಾಲ್ಕು ಎಂದೆ. "ಇಪ್ಪತ್ನಾಲ್ಕರ ಮಾತು ನಾ ನಂಬೂದಿಲ್ಲ. ಅದೂ ಖೋಲಿ ಹೋಗತೈತಿ ಅನ್ನೂ ಅಂಜಿಕ್ಯಾಗ ಆಡಿದ್ದು. ಮೂವತ್ತಕ್ಕ ಬರ್ರಿ. ಆವಾಗ್ಲೂ ಅದ ಮಾತ ಹೇಳಿದ್ರ ಪೂರಾ ಮಾಡ್ತೀನಿ."

ಆಮೇಲೆ ಸಂತೆಗೆ ಹೋದಾಗೊಮ್ಮೆ ಅವನ ಕಟ್ಟೆಯ ಬಳಿ ನಿಲ್ಲುವುದು ರೂಢಿಯಾಯಿತು. "ಇನ್ನೂ ಸಾಲ್ಯಾಗ ಅದೀರೇನು? ಪಗಾರ ಖರೇನ ಕೊಡ್ತಾರ?" ಎಂದು ಕೇಳುವನು. ನನ್ನ ಮಕ್ಕಳಿಗೆ ಓದು ಬರುತ್ತದೆ ಎಂದರೆ ನಂಬದೆ, ಒಮ್ಮೆ ಸಂತೆಗೆ ಬಂದಿದ್ದ ನನ್ನ ವಿದ್ಯಾರ್ಥಿನಿಯ ಕೈಗೆ ತಂಬಿಗೆ ಕೊಟ್ಟು ಓದಿಸಿದ. ಅವಳು ಪಟಪಟ ಓದಿದಾಗ ಬೇರೊಂದು ತಂಬಿಗೆ ಕೊಟ್ಟ, ಮೊದಲನೆಯದು ಬಾಯಿಪಾಠವಿರಬಹುದು ಎಂದು. ನಡುವೆ ಒಂದೆರಡು ಸಂಬಂಧ ಬಂದವು. ಒಂದನ್ನು ಅವರು ಬಿಟ್ಟರು, ಒಂದನ್ನು ನಾನೇ ಬೇಡವೆಂದೆ. ಅದನ್ನು ಅಜ್ಜನಿಗೆ ಹೇಳಲಿಲ್ಲ. ಆದರೆ ಅವನಿಗೆ ಗೊತ್ತಿತ್ತು ಎಂದು ನನ್ನ ಸಂಶಯ.

ಮೂವತ್ತು ತುಂಬಿದ ವರ್ಷ, ದಶಕ ಮುಗಿಯುತ್ತಾ ಬಂದಿತ್ತು, ಒಂದು ಸಂತೆಯ ದಿನ ಕೊಡ ಒಯ್ದು ಅವನ ಮುಂದಿಟ್ಟೆ. ಈ ಸಲ ಕುಕ್ಕಲಿಲ್ಲ. "ಪೂರಾ ಮಾಡ್ರಿ" ಎಂದೆ. ಅಜ್ಜ ಬಹಳ ಇಳಿದುಹೋಗಿದ್ದ. ಯಾಕೆ ಎಂದು ಕೇಳಲಿಲ್ಲ, ಯಾರು ಹೇಳಿದರು ಎಂದೂ ಕೇಳಲಿಲ್ಲ. ನನ್ನ ಮುಖವನ್ನು ಒಮ್ಮೆ ಚೆನ್ನಾಗಿ ನೋಡಿ, ಉಳಿದ ಜಾಗಕ್ಕೆ ನಿಧಾನವಾಗಿ ಚುಕ್ಕಿ ಹೊಡೆಯುತ್ತಾ ಹೋದ. ಗೆರೆ ತುದಿ ಮುಟ್ಟಿತು. ಹಿತ್ತಾಳೆಯ ಪುಡಿ ಊದಿ, ಪಂಚೆಯಿಂದ ಒರೆಸಿ ಕೊಟ್ಟ.

ಅಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಮಾತನ್ನು ಆಗ ಕೇಳಿದೆ. "ಅಜ್ಜಾರ, ಆವತ್ತ ಮಿಶ್ರಿಕೋಟ್ಯಾಗ ಅವ್ರು ನನ್ನ ಬಗ್ಗೆ ಏನಂದ್ರು? ಯಾಕ ಬ್ಯಾಡಂದಿದ್ರಂತ?"

ಅವನು ಉಳಿ ಸುತ್ತಿಗೆಯನ್ನು ಚೀಲಕ್ಕೆ ಹಾಕುತ್ತಿದ್ದ. ತಲೆ ಎತ್ತಲಿಲ್ಲ.

"ಏನೇನೋ ಅಂದ್ರು. ನಾ ಯಾರ್ನೂ ನಂಬೂದಿಲ್ಲಲ್ರಿ, ಬಾಯಾರ. ಅವ್ರು ಅಂದದ್ದನ್ನೂ ನಂಬ್ಲಿಲ್ಲ."

ನಾನು ಕೊಡ ಕಂಕುಳಲ್ಲಿ ಇಟ್ಟುಕೊಂಡು ಬಸ್ ಸ್ಟ್ಯಾಂಡಿನವರೆಗೂ ಅಳುತ್ತಾ ಹೋದೆ. ಸಂತೆಯ ಜನ ನೋಡಿ ಏನೇನು ಅಂದುಕೊಂಡರೋ, ಅಂದುಕೊಳ್ಳಲಿ.